ಸ್ಪೋರ್ಟ್ಸ್ ಕಾರಿಗೆ ಆಫ್ಟರ್‌ಮಾರ್ಕೆಟ್ ಸ್ಪ್ರಿಂಗ್, ಶಾಕ್: ಮಂಗಳೂರು–ಉಡುಪಿ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಪೋಲೊ ಜಿಟಿ, ಆಕ್ಟೇವಿಯಾ ಆರ್‌ಎಸ್, ಮಿನಿ ಕೂಪರ್ ಎಸ್‌ನಿಂದ ಹಿಡಿದು ಮಸ್ಟಾಂಗ್, ಕೇಮನ್‌ವರೆಗೆ ಯಾವ ಕಾರಾದರೂ, ಕಂಪನಿ ಕೊಟ್ಟ ಸ್ಪ್ರಿಂಗ್, ಶಾಕ್ (ಶಾಕ್ ಅಬ್ಸಾರ್ಬರ್) ತೆಗೆದು ಹೊರಗಿನ ಬ್ರ್ಯಾಂಡಿನದ್ದು ಹಾಕುವ ಲೆಕ್ಕಾಚಾರ ಒಂದೇ. ಬೇರೆಯಾಗುವುದು ರಸ್ತೆ ಮತ್ತು ಹವೆ. ಜರ್ಮನಿಯ ಆಟೊಬಾನ್‌ಗೆ ಟ್ಯೂನ್ ಮಾಡಿದ ಸ್ಪ್ರಿಂಗ್–ಶಾಕ್ ಕಿಟ್ಟು ಪಡುಬಿದ್ರೆಯ ಸರ್ವಿಸ್ ರಸ್ತೆಯಲ್ಲಿ, ಅದೂ ಆಟಿ ತಿಂಗಳ ಮಳೆಯಲ್ಲಿ, ಹೇಗೆ ನಡೆದುಕೊಳ್ಳುತ್ತದೆ ಎಂಬುದನ್ನು ಕೊಳ್ಳುವ ಮೊದಲೇ ಯೋಚಿಸಬೇಕು.

ಸ್ಪ್ರಿಂಗ್ ಮಾತ್ರ ಬದಲಿಸಿದರೆ ಸಾಲದೇ? ಶಾಕ್ ಇನ್ನೂ ಚೆನ್ನಾಗಿದೆಯಲ್ಲ?

ಸಾಲದು. ಕರಾವಳಿಯ ರಸ್ತೆಗೆ ಹಣ ಹಾಕುವುದಾದರೆ ಮೊದಲು ಶಾಕ್‌ಗೆ ಹಾಕಿ, ಸ್ಪ್ರಿಂಗ್ ಆಮೇಲೆ. ಜನ ಮಾಡುವುದು ಸಾಮಾನ್ಯವಾಗಿ ಇದರ ತಲೆಕೆಳಗು, ಏಕೆಂದರೆ ಸ್ಪ್ರಿಂಗ್ ಅಗ್ಗ, ಕಾರು ತಗ್ಗಿದ್ದು ಕಣ್ಣಿಗೆ ಕಾಣುತ್ತದೆ, ಫೋಟೋ ಚೆನ್ನಾಗಿ ಬರುತ್ತದೆ.

ಸ್ಪ್ರಿಂಗ್ ಕಾರಿನ ಭಾರ ಹೊರುತ್ತದೆ. ಅದು ಕುಗ್ಗಿ ಮರಳಿ ಚಿಮ್ಮುವಾಗ ಆ ಚಿಮ್ಮುವಿಕೆಯನ್ನು ಹಿಡಿದು ನಿಲ್ಲಿಸುವುದು ಶಾಕ್. ಸ್ಪ್ರಿಂಗ್ ಗಟ್ಟಿಯಾದಷ್ಟೂ ಶಾಕ್‌ನ ಹಿಡಿತವೂ ಹೆಚ್ಚಬೇಕು. ಸ್ಪ್ರಿಂಗ್ ಶೇ. 30 ಗಟ್ಟಿಯಾದರೆ ಅದೇ ನಿಯಂತ್ರಣಕ್ಕೆ ಡ್ಯಾಂಪಿಂಗ್, ಅಂದರೆ ಆ ಹಿಡಿತ, ಸುಮಾರು ಶೇ. 14 ಹೆಚ್ಚು ಬೇಕು. ಹೊಸ ಶಾಕ್‌ನಲ್ಲಿ ಇಷ್ಟು ಅವಕಾಶ ಇರಬಹುದು. 50,000 ಕಿ.ಮೀ. ಓಡಿದ ಕಂಪನಿ ಶಾಕ್‌ನಲ್ಲಿ ಇರುವುದಿಲ್ಲ. ಪರಿಣಾಮವಾಗಿ ಹಂಪ್ ದಾಟಿದ ಮೇಲೂ ಕಾರು ಎರಡು ಮೂರು ಸಲ ಕುಪ್ಪಳಿಸುತ್ತದೆ, ತಿರುವಿನ ನಡುವೆ ಹೊಂಡ ಬಂದರೆ ಚಕ್ರ ನೆಲ ಬಿಟ್ಟು ಪಕ್ಕಕ್ಕೆ ಜಾರುತ್ತದೆ.

ಇನ್ನೊಂದು ತೊಂದರೆ ಶಾಕ್‌ನ ಉದ್ದದ್ದು. ಕಾರು 35 ಮಿ.ಮೀ. ತಗ್ಗಿದರೆ ಶಾಕ್‌ನ ಪಿಸ್ಟನ್ ರಾಡ್ ಸದಾ ಅಷ್ಟು ಒಳಗೇ ಇರುತ್ತದೆ. ಬಂಪ್ ಸ್ಟಾಪ್‌ಗೆ (ಶಾಕ್ ಪೂರ್ತಿ ಕುಗ್ಗಿದಾಗ ತಾಗುವ ರಬ್ಬರ್ ತಡೆ) ಮೊದಲು 70 ಮಿ.ಮೀ. ಜಾಗ ಇದ್ದ ಕಾರಿನಲ್ಲಿ ಉಳಿಯುವುದು 35 ಮಾತ್ರ. ನಾಲ್ಕು ಜನ ಕೂತರೆ ಅದೂ ಮುಗಿಯಿತು. ಆಮೇಲೆ ನೀವು ಓಡಿಸುವುದು ಸ್ಪ್ರಿಂಗ್ ಮೇಲಲ್ಲ, ರಬ್ಬರ್ ಮೇಲೆ.

ಹಾಗಾದರೆ ಶಾಕ್ ಮಾತ್ರ ಬದಲಿಸಿ ಕಂಪನಿ ಸ್ಪ್ರಿಂಗನ್ನೇ ಇಟ್ಟುಕೊಳ್ಳಬಹುದೇ?

ಖಂಡಿತ. ದಿನಾ ಮಂಗಳೂರು–ಮಣಿಪಾಲ ಓಡಾಡುವ ಕಾರಿಗೆ ನಾವು ಮೊದಲು ಹೇಳುವುದೇ ಇದನ್ನು. ಬಿಲ್‌ಸ್ಟೀನ್ ಬಿ6 ಅಥವಾ ಕೋನಿ ಸ್ಪೆಷಲ್ ಆ್ಯಕ್ಟಿವ್ ಹಾಕಿ ಎತ್ತರ ಹಾಗೇ ಬಿಟ್ಟರೆ ಹೊಟ್ಟೆ ತಾಗುವ ಭಯವಿಲ್ಲ. ಕಾರಿನ ಗುಣ ಮಾತ್ರ ಪೂರ್ತಿ ಬದಲಾಗುತ್ತದೆ. ಬಾಡಿ ವಾಲುವುದು ಇನ್ನೂ ಹೆಚ್ಚು ಅನಿಸಿದರೆ ದಪ್ಪ ಆ್ಯಂಟಿ-ರೋಲ್ ಬಾರ್ (ಎಡ ಬಲದ ಚಕ್ರಗಳನ್ನು ಜೋಡಿಸುವ ಉಕ್ಕಿನ ಸರಳು) ಹಾಕಿಸಿ. ಕಾರು ತಗ್ಗಿಸದೆ ವಾಲುವಿಕೆ ಕಡಿಮೆ ಮಾಡುವ ದಾರಿ ಅದು.

ನಮ್ಮ ರಸ್ತೆಗೆ ಎಷ್ಟು ತಗ್ಗಿಸಬಹುದು?

ಹೆಚ್ಚಿನ ಕಾರುಗಳಿಗೆ 20–25 ಮಿ.ಮೀ. 30 ದಾಟಿದರೆ ದಾರಿ ನೋಡಿಕೊಂಡು ಮನೆಯಿಂದ ಹೊರಡಬೇಕಾಗುತ್ತದೆ. ಇದು ಅಂದಾಜಿನ ಮಾತಲ್ಲ, ಲೆಕ್ಕ ನೋಡಿ.

ರಸ್ತೆಗಳ ಅಳತೆ ಗೊತ್ತುಮಾಡುವ ಸಂಸ್ಥೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವ ದುಂಡು ಹಂಪ್ 3.7 ಮೀ. ಅಗಲ, 10 ಸೆಂ.ಮೀ. ಎತ್ತರ. 2.6 ಮೀ. ವೀಲ್‌ಬೇಸ್‌ನ (ಮುಂದಿನ–ಹಿಂದಿನ ಚಕ್ರಗಳ ಅಂತರ) ಕಾರು ಅದರ ಮೇಲೆ ನಿಂತಾಗ ನಾಲ್ಕೂ ಚಕ್ರ ಹಂಪ್ ಮೇಲೇ ಇರುತ್ತವೆ. ನಡುವೆ ಉಬ್ಬುವುದು ಸುಮಾರು 5 ಸೆಂ.ಮೀ. ಮಾತ್ರ. 110 ಮಿ.ಮೀ. ಕ್ಲಿಯರೆನ್ಸ್ (ನೆಲದಿಂದ ಹೊಟ್ಟೆಯವರೆಗಿನ ಅಂತರ) ಇರುವ ಕಾರೂ ನಿಧಾನವಾಗಿ ಹೋದರೆ ತಾಗದೆ ದಾಟುತ್ತದೆ. ತೊಂದರೆ ಕೊಡುವುದು ಈ ಹಂಪ್ ಅಲ್ಲ. ಒಳರಸ್ತೆಗಳಲ್ಲಿ, ಶಾಲೆ–ದೈವಸ್ಥಾನಗಳ ಎದುರು, ಯಾರೋ ಒಂದು ದಿನ ಡಾಂಬರು ಸುರಿದು ಕಟ್ಟಿದ ಕಿರಿದಾದ ಹಂಪ್. ಅಗಲ ಒಂದು ಮೀಟರ್ ಇಲ್ಲ, ಎತ್ತರ 12–15 ಸೆಂ.ಮೀ. ಚಕ್ರಗಳು ಎರಡೂ ಬದಿಗೆ ಇಳಿದು ನಿಂತಾಗ ಅದರ ಪೂರ್ತಿ ಎತ್ತರ ಕಾರಿನ ಹೊಟ್ಟೆಯಡಿ ಬರುತ್ತದೆ. 163 ಮಿ.ಮೀ. ಕ್ಲಿಯರೆನ್ಸ್ ಇರುವ ಸ್ವಿಫ್ಟ್‌ನಲ್ಲೇ ನಾಲ್ವರು ಕೂತರೆ ಉಸಿರು ಬಿಗಿ ಹಿಡಿದು ದಾಟುವ ಸ್ಥಿತಿ. ಅದರಿಂದ 40 ಕಳೆದರೆ ಉಳಿಯುವುದೇನು?

ಇದಕ್ಕೆ ಕಾಂಕ್ರೀಟ್ ರಸ್ತೆಯ ಅಂಚನ್ನೂ ಸೇರಿಸಿ. ಮಂಗಳೂರಿನ ಒಳಗೆ ಕಾಂಕ್ರೀಟ್ ಚಪ್ಪಡಿಯಿಂದ ಪಕ್ಕದ ಮಣ್ಣಿಗೆ ಇಳಿಯುವಾಗ ಸಿಗುವ ಮೆಟ್ಟಿಲು ಮುಂದಿನ ಬಂಪರ್‌ನ ತುಟಿಗೆ ಸರಿಯಾಗಿ ತಾಗುತ್ತದೆ. ಗುಡ್ಡದ ಮೇಲಿನ ಮನೆ, ಅಪಾರ್ಟ್‌ಮೆಂಟಿನ ಬೇಸ್‌ಮೆಂಟ್ ರ್‍ಯಾಂಪ್ ಇವುಗಳ ತುದಿಯ ಮುರಿತವೂ ಹಾಗೆಯೇ.

ಕೊಳ್ಳುವ ಮೊದಲು ಒಂದು ಅಳತೆ ಮಾಡಿ. ಟ್ಯಾಂಕ್ ತುಂಬಿಸಿ, ದಿನಾ ಕೂರುವಷ್ಟು ಜನರನ್ನು ಕೂರಿಸಿ, ಸಮತಟ್ಟಾದ ನೆಲದಲ್ಲಿ ಹೊಟ್ಟೆಯ ಅತಿ ತಗ್ಗಿನ ಜಾಗ ಅಳೆಯಿರಿ. ಹೆಚ್ಚಾಗಿ ಅದು ಎಂಜಿನ್ ಅಡಿಯ ಶೀಲ್ಡ್ ಅಥವಾ ಎಕ್ಸಾಸ್ಟ್‌ನ ನಡುಭಾಗ. ಅದರಿಂದ ತಗ್ಗಿಸುವಷ್ಟು ಕಳೆಯಿರಿ. ಉಳಿದದ್ದು 120 ಮಿ.ಮೀ.ಗಿಂತ ಕಡಿಮೆಯಾದರೆ ಕಿಟ್ಟು ಬದಲಿಸಿ, ರಸ್ತೆ ಬದಲಾಗುವುದನ್ನು ಕಾಯಬೇಡಿ.

ಹೆಚ್ಚು ತಗ್ಗಿಸಿದರೆ ತಿರುವಿನಲ್ಲಿ ಹಿಡಿತ ಹೆಚ್ಚುತ್ತದಲ್ಲ?

ಒಂದು ಮಿತಿಯವರೆಗೆ. ಮುಂದೆ ಮ್ಯಾಕ್‌ಫರ್ಸನ್ ಸ್ಟ್ರಟ್, ಅಂದರೆ ಸ್ಪ್ರಿಂಗ್ ಮತ್ತು ಶಾಕ್ ಒಂದೇ ಕಂಬವಾಗಿ ಕೂತ ಜೋಡಣೆ, ಇರುವ ಕಾರಿನಲ್ಲಿ (ನಮ್ಮಲ್ಲಿ ಓಡುವ ಹೆಚ್ಚಿನವು ಅವೇ) ತಗ್ಗಿಸುತ್ತಾ ಹೋದಂತೆ ಚಕ್ರವನ್ನು ಕೆಳಗಿನಿಂದ ಕಾರಿಗೆ ಜೋಡಿಸುವ ಲೋವರ್ ಆರ್ಮ್‌ನ ಚಕ್ರದ ಕಡೆಯ ತುದಿ ಮೇಲಕ್ಕೆ ಏರುತ್ತದೆ. ಕಾರಿನ ಭಾರದ ಕೇಂದ್ರ 30 ಮಿ.ಮೀ. ಇಳಿದರೆ ರೋಲ್ ಸೆಂಟರ್ (ಬಾಡಿ ಯಾವ ಬಿಂದುವಿನ ಸುತ್ತ ವಾಲುತ್ತದೋ ಅದು) ಅದಕ್ಕಿಂತ ಹೆಚ್ಚು ಇಳಿಯುತ್ತದೆ. ಅವೆರಡರ ಅಂತರ ಹೆಚ್ಚಿದಷ್ಟೂ ಬಾಡಿಯನ್ನು ವಾಲಿಸುವ ಬಲವೂ ಹೆಚ್ಚು. ತಗ್ಗಿದ ಕಾರು ಕಂಪನಿ ಎತ್ತರದ ಕಾರಿಗಿಂತ ಹೆಚ್ಚು ವಾಲಲು ನೋಡುತ್ತದೆ, ಅದನ್ನು ತಡೆಯಲು ಇನ್ನೂ ಗಟ್ಟಿ ಸ್ಪ್ರಿಂಗ್ ಬೇಕಾಗುತ್ತದೆ. ಅದರ ಜೊತೆಗೆ ಚಕ್ರ ಮೇಲೆ ಕೆಳಗೆ ಆಡಿದಂತೆ ಟೋ (ಚಕ್ರದ ಮುಂಭಾಗ ಒಳಕ್ಕೋ ಹೊರಕ್ಕೋ ತಿರುಗಿರುವುದು) ಬದಲಾಗಿ ಸ್ಟಿಯರಿಂಗ್ ತಾನಾಗಿ ಎಳೆಯುವ ಚಾಳಿಯೂ ಶುರುವಾಗುತ್ತದೆ.

ನಿಂತ ಕಾರಿನಡಿ ಬಗ್ಗಿ ನೋಡಿ. ಲೋವರ್ ಆರ್ಮ್ ಒಳಗಿನಿಂದ ಹೊರಗೆ ಸ್ವಲ್ಪ ಇಳಿಜಾರಾಗಿ ಇದ್ದರೆ ಸರಿ. ಸಮತಟ್ಟಾಗಿದ್ದರೆ ಅಲ್ಲಿಗೆ ನಿಲ್ಲಿಸಿ.

ಸ್ಪ್ರಿಂಗ್ ರೇಟ್ ಹೇಗೆ ಆರಿಸುವುದು? ಅಂಕಿಗಳನ್ನು ಓದುವುದು ಹೇಗೆ?

ರೇಟ್ ಎಂದರೆ ಸ್ಪ್ರಿಂಗ್ ಇಷ್ಟು ಕುಗ್ಗಲು ಎಷ್ಟು ಬಲ ಬೇಕು ಎಂಬುದು, ಅಂದರೆ ಅದರ ಗಟ್ಟಿತನ. ಮೊದಲು ಅಳತೆಗಳನ್ನು ಒಂದೇ ಮಾಡಿಕೊಳ್ಳಿ. ಜಪಾನಿನವರು ಕೆ.ಜಿ./ಮಿ.ಮೀ., ಯುರೋಪಿನವರು ನ್ಯೂಟನ್/ಮಿ.ಮೀ., ಅಮೆರಿಕದವರು ಪೌಂಡ್/ಇಂಚು ಎನ್ನುತ್ತಾರೆ. 1 ಕೆ.ಜಿ./ಮಿ.ಮೀ. ಎಂದರೆ 9.8 ನ್ಯೂಟನ್/ಮಿ.ಮೀ., ಅಂದರೆ 56 ಪೌಂಡ್/ಇಂಚು.

ಇನ್ನು ಮುಖ್ಯ ವಿಷಯ: ಡಬ್ಬದ ಮೇಲಿನ ಅಂಕಿ ಸ್ಪ್ರಿಂಗ್‌ನದ್ದು, ಚಕ್ರದ್ದಲ್ಲ. ಚಕ್ರ 10 ಮಿ.ಮೀ. ಏರಿದಾಗ ಸ್ಪ್ರಿಂಗ್ ಎಷ್ಟು ಕುಗ್ಗುತ್ತದೆ ಎಂಬ ಅನುಪಾತವನ್ನು ಅದರಿಂದಲೇ ಗುಣಿಸಿ, ಸ್ಪ್ರಿಂಗ್ ರೇಟ್‌ಗೆ ಗುಣಿಸಬೇಕು. ಸ್ಟ್ರಟ್‌ನಲ್ಲಿ ಅನುಪಾತ 0.95ರ ಆಸುಪಾಸು. 50 ನ್ಯೂಟನ್ ಸ್ಪ್ರಿಂಗ್ ಚಕ್ರದಲ್ಲಿ 45 ಆಗುತ್ತದೆ. ಹಿಂದೆ ಮಲ್ಟಿ-ಲಿಂಕ್ (ಹಲವು ಆರ್ಮ್‌ಗಳ ಜೋಡಣೆ) ಆಗಿ ಸ್ಪ್ರಿಂಗ್ ಆರ್ಮ್‌ನ ನಡುವೆ ಕೂತಿದ್ದರೆ ಅನುಪಾತ 0.65 ಇರಬಹುದು. ಆಗ ಅದೇ 50ರ ಸ್ಪ್ರಿಂಗ್ ಚಕ್ರದಲ್ಲಿ ಬರೀ 21. "ಹಿಂದೆ ಯಾಕೆ ಇಷ್ಟು ಗಟ್ಟಿ ಸ್ಪ್ರಿಂಗ್ ಕೊಟ್ಟಿದ್ದಾರೆ, ತಪ್ಪಿ ಕಳಿಸಿದ್ದಾರಾ?" ಎಂದು ಕೇಳುವವರಿಗೆ ಉತ್ತರ ಇದು.

ಚಕ್ರದ ರೇಟ್ ಸಿಕ್ಕಿದ ಮೇಲೆ ಕಾರಿನ ಆಂದೋಲನ, ಅಂದರೆ ಸೆಕೆಂಡಿಗೆ ಎಷ್ಟು ಸಲ ಮೇಲೆ ಕೆಳಗೆ ಆಡುತ್ತದೆ ಎಂಬುದನ್ನು, ಲೆಕ್ಕ ಹಾಕಬಹುದು. ಚಕ್ರದ ರೇಟನ್ನು (ನ್ಯೂಟನ್/ಮಿ.ಮೀ.ನಲ್ಲಿ) ಆ ಮೂಲೆಯ ಮೇಲೆ ಕೂತ ಭಾರದಿಂದ (ಚಕ್ರ, ಬ್ರೇಕ್ ಬಿಟ್ಟು) ಭಾಗಿಸಿ, ವರ್ಗಮೂಲ ತೆಗೆದು, 5ರಿಂದ ಗುಣಿಸಿ. ಮುಂದಿನ ಮೂಲೆಯಲ್ಲಿ 350 ಕೆ.ಜಿ., ಚಕ್ರದ ರೇಟ್ 25 ಇದ್ದರೆ ಸುಮಾರು 1.3 ಹರ್ಟ್ಸ್, ಇದು ಮಾಮೂಲಿ ಕಾರು. ರೇಟ್ 34 ಮಾಡಿದರೆ 1.6 ಹರ್ಟ್ಸ್, ಬಿಗಿ ಅನಿಸುತ್ತದೆ, ದಿನಾ ಓಡಿಸಬಹುದು. 50 ಮಾಡಿದರೆ 1.9. ಅದು ಕೊಯಮತ್ತೂರಿನ ಕಾರಿ ಟ್ರ್ಯಾಕಿಗೋ ಚೆನ್ನೈನ ಇರುಂಗಾಟ್ಟುಕೋಟ್ಟೈಗೋ ಸರಿ, ಮಂಗಳೂರಿನ ಹಂಪನಕಟ್ಟೆಗೆ ಅಲ್ಲ. ನಮ್ಮ ಕಡೆ 1.6 ದಾಟಬೇಡಿ. ಹಿಂದಿನ ಅಂಕಿ ಮುಂದಿನದಕ್ಕಿಂತ ಸ್ವಲ್ಪ ಹೆಚ್ಚಿರಲಿ. ಮುಂದಿನ ಚಕ್ರ ಹಂಪ್ ಏರಿ ಸ್ವಲ್ಪ ಹೊತ್ತಿನ ಮೇಲೆ ಹಿಂದಿನದು ಏರುತ್ತದೆ. ಹಿಂದೆ ವೇಗವಾಗಿ ಆಡಿದರೆ ಎರಡೂ ಬೇಗ ಒಂದೇ ತಾಳಕ್ಕೆ ಬಂದು ಕಾರು ಸಮವಾಗಿ ನಿಲ್ಲುತ್ತದೆ.

ಪ್ರೊಗ್ರೆಸಿವ್ ಒಳ್ಳೆಯದೋ ಲೀನಿಯರೋ?

ರಸ್ತೆಗೆ ಪ್ರೊಗ್ರೆಸಿವ್. ಐಬಾಕ್ ಪ್ರೊ-ಕಿಟ್‌ನಂಥವು ಹಾಗೇ ಬರುತ್ತವೆ. ಮೇಲಿನ ಸುರುಳಿಗಳು ಹತ್ತಿರ ಹತ್ತಿರ ಇದ್ದು ಮೊದಲು ಕುಗ್ಗಿ ಒಂದಕ್ಕೊಂದು ತಾಗುತ್ತವೆ, ಆಮೇಲೆ ಸ್ಪ್ರಿಂಗ್ ಗಟ್ಟಿಯಾಗುತ್ತದೆ. ಎಷ್ಟು ಕುಗ್ಗಿದರೂ ಗಟ್ಟಿತನ ಒಂದೇ ಇರುವ ಲೀನಿಯರ್ ಸ್ಪ್ರಿಂಗ್ ಟ್ರ್ಯಾಕಿನಲ್ಲಿ ಓಡಿಸುವವರಿಗೆ, ಶಾಕ್ ಹೊಂದಿಸಲು ಸುಲಭ. ಪ್ರೊಗ್ರೆಸಿವ್‌ನಲ್ಲಿ ಸುರುಳಿ ಸುರುಳಿಗೆ ತಾಗುವಲ್ಲಿ ಕೋಟಿಂಗ್ ಸವೆದು ತುಕ್ಕು ಹಿಡಿಯುತ್ತದೆ, ಅದೊಂದನ್ನು ಗಮನಿಸಿ.

ಮೊನೊಟ್ಯೂಬ್, ಟ್ವಿನ್‌ಟ್ಯೂಬ್: ನಮಗೆ ಯಾವುದು?

ಮೊನೊಟ್ಯೂಬ್‌ನಲ್ಲಿ ಒಂದೇ ಕೊಳವೆ. ಎಣ್ಣೆ ಮತ್ತು ಹೆಚ್ಚು ಒತ್ತಡದ ಗ್ಯಾಸ್ ನಡುವೆ ಪ್ರತ್ಯೇಕ ಪಿಸ್ಟನ್ ಇರುತ್ತದೆ. ಎಣ್ಣೆಯಲ್ಲಿ ನೊರೆ ಏಳುವುದಿಲ್ಲ, ಬಿಸಿ ನೇರ ಗಾಳಿಗೆ ಹೋಗುತ್ತದೆ. ಶಿರಾಡಿ ಅಥವಾ ಚಾರ್ಮಾಡಿಯ ಹದಗೆಟ್ಟ ಡಾಂಬರಿನಲ್ಲಿ ಮುಕ್ಕಾಲು ಗಂಟೆ ಓಡಿಸಿದ ಮೇಲೂ ಹಿಡಿತ ಮೊದಲಿನಷ್ಟೇ ಇರುತ್ತದೆ. ಟ್ವಿನ್‌ಟ್ಯೂಬ್‌ನಲ್ಲಿ ಕೊಳವೆಯೊಳಗೆ ಕೊಳವೆ, ಗ್ಯಾಸ್ ಒತ್ತಡ ಕಡಿಮೆ. ಸಣ್ಣ ಏರಿಳಿತಗಳನ್ನು ಮೃದುವಾಗಿ ನುಂಗುತ್ತದೆ, ಬೆಲೆಯೂ ಕಡಿಮೆ.

ಅಂಗಡಿಯವರು ಹೇಳದ ಒಂದು ವ್ಯತ್ಯಾಸ: ಮೊನೊಟ್ಯೂಬ್‌ನ ಹೊರ ಕೊಳವೆಯೇ ಪಿಸ್ಟನ್ ಓಡುವ ಸಿಲಿಂಡರ್. ಕೆಲಸ ನಡೆಯುತ್ತಿರುವ ಹೆದ್ದಾರಿಯಲ್ಲಿ ಜಲ್ಲಿಕಲ್ಲು ಸಿಡಿದು ಅದರಲ್ಲಿ ಜಜ್ಜಿದರೆ ಪಿಸ್ಟನ್ ಅಲ್ಲಿ ಸಿಕ್ಕಿಬೀಳುತ್ತದೆ. ಟ್ವಿನ್‌ಟ್ಯೂಬ್‌ನ ಹೊರ ಕೊಳವೆ ಸ್ವಲ್ಪ ಜಜ್ಜಿದರೂ ಒಳಗಿನದು ಕೆಲಸ ಮಾಡುತ್ತಿರುತ್ತದೆ. ಹಾಗಾಗಿ ವಾರಾಂತ್ಯಕ್ಕೆ ಆಗುಂಬೆ, ಕುದುರೆಮುಖ ಏರುವವರಿಗೆ ಮೊನೊಟ್ಯೂಬ್. ದಿನಾ ಊರೊಳಗೆ ಓಡಾಟ, ಮನೆಯಲ್ಲಿ ವಯಸ್ಸಾದವರನ್ನೂ ಕೂರಿಸಿಕೊಂಡು ಹೋಗಬೇಕು ಎನ್ನುವವರಿಗೆ ಒಳ್ಳೆಯ ಟ್ವಿನ್‌ಟ್ಯೂಬ್ ಸಾಕು.

ಬಿ4, ಬಿ6, ಬಿ8, ಬಿ12... ತಲೆ ತಿರುಗುತ್ತದೆ. ಯಾವುದಕ್ಕೆ ಯಾವುದು?

ಬಿಲ್‌ಸ್ಟೀನ್‌ನ ಬಿ4 ಕಂಪನಿ ಶಾಕ್‌ಗೆ ಬದಲಿ ಅಷ್ಟೇ. ಬಿ6 ಕಂಪನಿ ಎತ್ತರಕ್ಕೆ, ಹೆಚ್ಚು ಬಿಗಿ. ಬಿ8 ತಗ್ಗಿಸುವ ಸ್ಪ್ರಿಂಗ್‌ಗೆಂದೇ ಗಿಡ್ಡ ಮಾಡಿದ್ದು, ಕಂಪನಿ ಸ್ಪ್ರಿಂಗ್ ಜೊತೆ ಅದನ್ನು ಹಾಕಬೇಡಿ. ಬಿ12 ಎಂದರೆ ಬಿ8 ಮತ್ತು ಐಬಾಕ್ ಸ್ಪ್ರಿಂಗ್ ಒಟ್ಟಿಗೆ ಇರುವ ಕಿಟ್. ಬಿ14 ಎತ್ತರ ಹೊಂದಿಸಬಹುದಾದ ಕಾಯಿಲ್‌ಓವರ್ (ಶಾಕ್ ಮತ್ತು ಅದರ ಸುತ್ತ ಸ್ಪ್ರಿಂಗ್ ಇರುವ ಜೋಡಿ), ಬಿ16ರಲ್ಲಿ ಡ್ಯಾಂಪಿಂಗ್ ಕೂಡ ಹೊಂದಿಸಬಹುದು.

ಕೆಡಬ್ಲ್ಯು ಬ್ರ್ಯಾಂಡಿನ ಕಾಯಿಲ್‌ಓವರ್‌ಗಳಲ್ಲಿ ವಿ1ಕ್ಕೆ ಎತ್ತರ ಮಾತ್ರ, ವಿ2ಕ್ಕೆ ರಿಬೌಂಡ್ (ಶಾಕ್ ಮರಳಿ ಬಿಚ್ಚಿಕೊಳ್ಳುವಾಗಿನ ಹಿಡಿತ) ಸೇರಿ, ವಿ3ಕ್ಕೆ ರಿಬೌಂಡ್ ಮತ್ತು ಕಂಪ್ರೆಶನ್ (ಕುಗ್ಗುವಾಗಿನ ಹಿಡಿತ) ಎರಡೂ. ಕೋನಿಯ ಹಳದಿ ಸ್ಪೋರ್ಟ್ ಶಾಕ್‌ನಲ್ಲಿ ರಿಬೌಂಡ್ ಹೊಂದಿಸಬಹುದು. ಸ್ಪೆಷಲ್ ಆ್ಯಕ್ಟಿವ್‌ನಲ್ಲಿ ತಿರುಗಿಸಲು ಏನೂ ಇಲ್ಲ, ಏರಿಳಿತದ ವೇಗ ನೋಡಿ ಅದೇ ಮೃದುವಾಗುತ್ತದೆ.

ನಮ್ಮ ಅಭಿಪ್ರಾಯ ಕೇಳಿದರೆ: ಹತ್ತರಲ್ಲಿ ಎಂಟು ಜನಕ್ಕೆ ಬಿ6 ಅಥವಾ ಬಿ12 ವರ್ಗದ್ದು ಸಾಕು. ಗುಂಡಿ ತಿರುಗಿಸುವ ತಾಳ್ಮೆ ಇಲ್ಲದವರ ಕೈಯಲ್ಲಿ ವಿ3 ದುಬಾರಿ ಆಟಿಕೆ.

ಕಾಯಿಲ್‌ಓವರ್‌ಗೆ ಕರಾವಳಿಯ ಉಪ್ಪು ಗಾಳಿ ಏನು ಮಾಡುತ್ತದೆ?

ಇದನ್ನು ಪೂರ್ತಿ ಓದಿ. ಇಲ್ಲಿ ಕಾಯಿಲ್‌ಓವರ್ ಹಾಳಾಗುವುದು ಓಡಿದ ಕಿಲೋಮೀಟರ್‌ನಿಂದಲ್ಲ, ತುಕ್ಕಿನಿಂದ.

ಎತ್ತರ ಹೊಂದಿಸುವ ಥ್ರೆಡ್ ಚಕ್ರದ ಹಿಂದೆ ತೆರೆದೇ ಇರುತ್ತದೆ. ಮಳೆಗಾಲದಲ್ಲಿ ಕೆಂಪು ಮಣ್ಣಿನ ನೀರು, ಮರವಂತೆಯಂಥ ಕಡಲ ಬದಿಯ ಹೆದ್ದಾರಿಯಲ್ಲಿ ಅಲೆಯ ತುಂತುರು, ಎರಡೂ ಸೇರಿ ಥ್ರೆಡ್ ನಡುವೆ ಒಣಗುತ್ತವೆ. ಉಕ್ಕಿನ ಕೊಳವೆಗೆ ಅಲ್ಯುಮಿನಿಯಂ ಕಾಲರ್ (ಎತ್ತರ ಹೊಂದಿಸಲು ತಿರುಗಿಸುವ ಬಳೆ) ಇದ್ದರೆ ಎರಡು ಲೋಹದ ನಡುವೆ ಉಪ್ಪುನೀರು ಬಂದು ಅಲ್ಯುಮಿನಿಯಂ ಬಿಳಿ ಪುಡಿಯಾಗಿ ಉಬ್ಬುತ್ತದೆ. ಒಂದೇ ಮಳೆಗಾಲ ಕಳೆದರೆ ಸಾಕು, ಸಿ-ಸ್ಪ್ಯಾನರ್‌ಗೂ ಜಗ್ಗುವುದಿಲ್ಲ. ಸುತ್ತಿಗೆಯಿಂದ ಹೊಡೆದರೆ ಕಾಲರ್‌ನ ಹಲ್ಲು ಮುರಿಯುತ್ತದೆ, ಎತ್ತರ ಹೊಂದಿಸಲು ಕೊಟ್ಟ ಹಣ ಅಲ್ಲಿಗೆ ಹೋಯಿತು. ಕೆಡಬ್ಲ್ಯುನ ಸ್ಟೇನ್‌ಲೆಸ್ ಸ್ಟೀಲ್ ಕೊಳವೆಗೆ ಹೆಚ್ಚು ಹಣ ಕೊಡುವುದು ಜರ್ಮನಿಯಲ್ಲಿ ಚಳಿಗಾಲದ ಉಪ್ಪಿಗಾಗಿ. ಇಲ್ಲಿ ವರ್ಷಪೂರ್ತಿ ಅದೇ ಕಾರಣ.

ಮಾಡಬೇಕಾದ್ದು: ಹಾಕುವ ಮೊದಲು ಎತ್ತರ ಗೊತ್ತುಮಾಡಿ ಥ್ರೆಡ್‌ಗೆ ಮೇಣದಂತೆ ಒಣಗುವ ತುಕ್ಕು ನಿರೋಧಕ ಸ್ಪ್ರೇ ತೆಳ್ಳಗೆ ಹೊಡೆಯಿರಿ. ಗ್ರೀಸ್ ಬೇಡ, ಅದು ಮರಳನ್ನು ಹಿಡಿದಿಟ್ಟು ಸ್ಯಾಂಡ್‌ಪೇಪರ್‌ನ ಹಾಗೆ ಕೆಲಸ ಮಾಡುತ್ತದೆ. ಥ್ರೆಡ್ ಮುಚ್ಚುವ ಬಟ್ಟೆಯ ಅಥವಾ ನಿಯೋಪ್ರೀನ್ ಕವಚ ಹಾಕಿದರೆ ಒಳ್ಳೆಯದು, ಆದರೆ ತಿಂಗಳಿಗೊಮ್ಮೆ ಬಿಚ್ಚಿ ಒಣಗಿಸದಿದ್ದರೆ ಒಳಗೇ ತೇವ ನಿಂತು ಇನ್ನೂ ಬೇಗ ತುಕ್ಕು. ಮೇ ಕೊನೆಗೊಮ್ಮೆ, ಅಕ್ಟೋಬರ್‌ನಲ್ಲೊಮ್ಮೆ ಚಕ್ರ ಬಿಚ್ಚಿ, ಸಿಹಿನೀರಿನಲ್ಲಿ ತೊಳೆದು, ನೈಲಾನ್ ಬ್ರಷ್‌ನಿಂದ ಥ್ರೆಡ್ ಉಜ್ಜಿ, ಕಾಲರನ್ನು ಒಂದು ಸುತ್ತು ಆಚೆ ಈಚೆ ಆಡಿಸಿ ಅದೇ ಜಾಗಕ್ಕೆ ತನ್ನಿ. ಪ್ರೆಶರ್ ವಾಷರನ್ನು ಪಿಸ್ಟನ್ ರಾಡ್‌ನ ಸೀಲ್‌ಗೆ ನೇರ ಹಿಡಿಯಬೇಡಿ, ನೀರು ಒಳಗೆ ಹೋಗುತ್ತದೆ. ಮಲ್ಪೆಯಲ್ಲೋ ಪಣಂಬೂರಿನಲ್ಲೋ ಒದ್ದೆ ಮರಳಿಗೆ ಕಾರು ಇಳಿಸುವ ಆಸೆ ಇದ್ದರೆ ಬೇರೆಯವರ ಕಾರಿನಲ್ಲಿ ಹೋಗಿ.

ಬರೀ ಸ್ಪ್ರಿಂಗ್‌ಗೂ ಇದೇ ಕಥೆ. ಅದು ಮುರಿಯುವುದು ಹೆಚ್ಚಾಗಿ ಕೆಳಗಿನ ಕೊನೆಯ ಸುರುಳಿಯಲ್ಲಿ. ಅದು ಕೂರುವ ತಟ್ಟೆಯಲ್ಲಿ ಮರಳು ನಿಂತು ಕೋಟಿಂಗ್ ಸವೆದು, ಅಲ್ಲಿ ತುಕ್ಕಿನ ಗುಳಿ ಬಿದ್ದು, ಒಂದು ದಿನ ಹೊಂಡಕ್ಕೆ ಬಿದ್ದಾಗ ಟಣ್ ಎಂದು ತುಂಡಾಗುತ್ತದೆ. ಚೂಪಾದ ತುದಿ ಟೈರಿನ ಒಳಮೈಗೆ ತಾಗಿದರೆ ಟೈರೂ ಹೋಯಿತು. ತಟ್ಟೆಯ ನೀರು ಇಳಿಯುವ ತೂತು ಮುಚ್ಚಿಲ್ಲ ಎಂದು ನೋಡಿಕೊಳ್ಳಿ.

ಇರುವ ಸ್ಪ್ರಿಂಗನ್ನೇ ಒಂದು ಸುರುಳಿ ಕತ್ತರಿಸಿ ಕೊಡುತ್ತೇನೆ ಎನ್ನುತ್ತಾರೆ...

ಬೇಡ ಮಾರಾಯ್ರೆ. ಕೆಲಸ ಮಾಡುವ 6 ಸುರುಳಿಯಲ್ಲಿ ಒಂದು ಕತ್ತರಿಸಿದರೆ ಉಳಿದ 5 ಸುರುಳಿ ಶೇ. 20 ಗಟ್ಟಿಯಾಗುತ್ತವೆ, ಶಾಕ್ ಹಳೆಯದೇ. ಕತ್ತರಿಸಿದ ತುದಿ ತಟ್ಟೆಯಲ್ಲಿ ಸರಿ ಕೂರುವುದಿಲ್ಲ. ಚಕ್ರ ಗಾಳಿಯಲ್ಲಿ ನೇತಾಡಿದಾಗ ಸ್ಪ್ರಿಂಗ್ ಸಡಿಲವಾಗಿ ಜಾರಬಹುದು. ಗ್ಯಾಸ್ ಕಟರ್‌ನಿಂದ ಕತ್ತರಿಸಿದರೆ ಆ ಶಾಖಕ್ಕೆ ಉಕ್ಕಿನ ಹದ ಕೆಡುತ್ತದೆ.

ಸುರುಳಿ ನಡುವೆ ರಬ್ಬರ್ ಬಫರ್ ತುರುಕಿ ಎತ್ತರ ಮಾಡುವುದು?

ತಗ್ಗಿಸುವ ಸ್ಪ್ರಿಂಗ್ ಹಾಕಿಸಿದವರೇ ಹೊಟ್ಟೆ ತಾಗುತ್ತದೆ ಎಂದು ಆಮೇಲೆ ಇದಕ್ಕೆ ಬರುತ್ತಾರೆ. ಬಫರ್ ಇರುವ ಸುರುಳಿ ಕೆಲಸ ಮಾಡುವುದಿಲ್ಲ, ಪಕ್ಕದ ಸುರುಳಿಗಳ ಮೇಲೆ ಹೆಚ್ಚು ಒತ್ತಡ ಬೀಳುತ್ತದೆ. ಎಡ ಬಲ ಒಂದೇ ಜಾಗದಲ್ಲಿ ಕೂರದಿದ್ದರೆ ಬ್ರೇಕ್ ಹಾಕಿದಾಗ ಕಾರು ಎಳೆಯುತ್ತದೆ. ಸ್ಪೋರ್ಟ್ಸ್ ಕಾರಿಗೆ ಬೇಡ.

ಕಿಟ್ಟಿನ ಜೊತೆ ಬೇರೆ ಏನೇನು ತರಿಸಬೇಕು?

ಎರಡು ಟಾಪ್ ಮೌಂಟ್ (ಸ್ಟ್ರಟ್‌ನ ಮೇಲ್ತುದಿಯನ್ನು ಬಾಡಿಗೆ ಕೂರಿಸುವ ಭಾಗ), ಎರಡು ಸ್ಟ್ರಟ್ ಬೇರಿಂಗ್, ನಾಲ್ಕು ಬಂಪ್ ಸ್ಟಾಪ್, ನಾಲ್ಕು ಧೂಳು ಕವಚ, ಸ್ಪ್ರಿಂಗ್‌ನ ಮೇಲಿನ ಕೆಳಗಿನ ರಬ್ಬರ್ ಪ್ಯಾಡ್, ಆ್ಯಂಟಿ-ರೋಲ್ ಬಾರ್‌ನ ಲಿಂಕ್ ರಾಡ್ ಎರಡು. 30 ಮಿ.ಮೀ.ಗಿಂತ ಹೆಚ್ಚು ತಗ್ಗಿಸುವುದಾದರೆ ಗಿಡ್ಡ ಲಿಂಕ್ ರಾಡ್. ಒಮ್ಮೆ ಮಾತ್ರ ಬಳಸಬೇಕು ಎಂದು ಕಂಪನಿ ಹೇಳಿದ ನಟ್ ಬೋಲ್ಟ್‌ಗಳನ್ನು ಹೊಸದೇ ತನ್ನಿ. ಹಳೆಯ ಟಾಪ್ ಮೌಂಟನ್ನೇ ಹಾಕಿಸಿದರೆ ಸ್ಟಿಯರಿಂಗ್ ತಿರುಗಿಸುವಾಗ ಕಟಕಟ ಸದ್ದು ಬಂದು ಮತ್ತೆ ಎಲ್ಲವನ್ನೂ ಬಿಚ್ಚಬೇಕಾಗುತ್ತದೆ, ಕೂಲಿ ಎರಡು ಸಲ.

ಬಂಪ್ ಸ್ಟಾಪ್ ವಿಷಯದಲ್ಲಿ ಕಿಟ್ಟಿನ ಪುಸ್ತಕ ನೋಡಿ. ಕೆಲವು ಕಿಟ್‌ಗಳಲ್ಲಿ ಕಂಪನಿಯದ್ದನ್ನು ಹೇಳಿದಷ್ಟು ಕತ್ತರಿಸಬೇಕು, ಕೆಲವದರಲ್ಲಿ ಅದು ಶಾಕ್‌ನ ಒಳಗೇ ಇರುತ್ತದೆ. ಅದರ ಜೊತೆ ಇನ್ನೊಂದು ಹಾಕಿದರೆ ಶಾಕ್ ಕುಗ್ಗುವ ಜಾಗವೇ ಉಳಿಯುವುದಿಲ್ಲ.

ಗ್ಯಾರೇಜಿನಲ್ಲಿ ಹಾಕಿಸುವಾಗ ಏನನ್ನು ಗಮನಿಸಬೇಕು?

ಕಾರು ಏರಿಸುವ ಮೊದಲು ನಾಲ್ಕೂ ಕಡೆ ಚಕ್ರದ ನಡುವಿನಿಂದ ಫೆಂಡರ್ ಅಂಚಿನವರೆಗೆ ಅಳೆದು ಬರೆದಿಡಿ. ಸ್ಟ್ರಟ್ ಬೋಲ್ಟ್‌ಗಳ ಜಾಗಕ್ಕೆ ಪೇಂಟ್ ಗುರುತು ಹಾಕಿಸಿ. ಎಬಿಎಸ್ ವಯರ್, ಬ್ರೇಕ್ ಹೋಸ್ ಸ್ಟ್ರಟ್‌ನಿಂದ ಮೊದಲೇ ಬಿಡಿಸಬೇಕು. ನಕಲ್ (ಚಕ್ರ ಕೂರುವ ಲೋಹದ ಭಾಗ) ಹೊರಕ್ಕೆ ಜೋತುಬೀಳದಂತೆ ತಂತಿಯಿಂದ ಕಟ್ಟಬೇಕು, ಇಲ್ಲದಿದ್ದರೆ ಡ್ರೈವ್‌ಶಾಫ್ಟ್ ಜಾಯಿಂಟ್ ಒಳಗೆ ಕಳಚಿಕೊಳ್ಳುತ್ತದೆ.

ಸ್ಪ್ರಿಂಗ್ ಒತ್ತುವ ಕಂಪ್ರೆಸರ್ ಎರಡು ಎದುರುಬದುರು ಇರಬೇಕು, ಎರಡನ್ನೂ ಸರದಿಯಂತೆ ಸ್ವಲ್ಪ ಸ್ವಲ್ಪವೇ ಬಿಗಿಯಬೇಕು. ಒತ್ತಿದ ಸ್ಪ್ರಿಂಗ್‌ನ ನೇರಕ್ಕೆ ಯಾರೂ ನಿಲ್ಲಬಾರದು. ಸ್ಪ್ರಿಂಗ್‌ನ ತುದಿ ತಟ್ಟೆಯ ಮೆಟ್ಟಿಲಿಗೆ ಸರಿಯಾಗಿ ತಾಗಿ ಕೂರಬೇಕು.

ಗ್ಯಾರೇಜಿನಲ್ಲಿ ಹೆಚ್ಚಾಗಿ ಆಗುವ ಎರಡು ತಪ್ಪುಗಳು ಇವು. ಒಂದು, ಪಿಸ್ಟನ್ ರಾಡ್ ತಿರುಗುತ್ತದೆ ಎಂದು ಅದನ್ನು ಪ್ಲೈಯರ್‌ನಲ್ಲಿ ಹಿಡಿಯುವುದು. ಕ್ರೋಮ್ ಮೇಲೆ ಕೂದಲೆಳೆಯಷ್ಟು ಗೀರು ಬಿದ್ದರೂ ಅದು ಪ್ರತಿ ಏರಿಳಿತಕ್ಕೂ ಸೀಲನ್ನು ಕೊಯ್ಯುತ್ತದೆ, ಹೊಸ ಶಾಕ್ ಕೆಲವೇ ತಿಂಗಳಲ್ಲಿ ಎಣ್ಣೆ ಸೋರುತ್ತದೆ. ರಾಡ್‌ನ ತುದಿಯಲ್ಲಿ ಆಲನ್ ಕೀ ಹಾಕುವ ತೂತು ಇರುವುದೇ ಇದಕ್ಕೆ. ಇಂಪ್ಯಾಕ್ಟ್ ಗನ್ ಕೂಡ ಬೇಡ. ಎರಡನೆಯದು, ಕಾರು ಲಿಫ್ಟ್ ಮೇಲೆ ಚಕ್ರ ನೇತಾಡುತ್ತಿರುವಾಗಲೇ ಆರ್ಮ್‌ನ ರಬ್ಬರ್ ಬುಷ್‌ನ ಬೋಲ್ಟ್ ಪೂರ್ತಿ ಬಿಗಿಯುವುದು. ಕಾರು ಇಳಿಸಿದಾಗ ರಬ್ಬರ್ ಸದಾ ತಿರುಚಿಕೊಂಡೇ ಇರುತ್ತದೆ. ಎತ್ತರ ತಪ್ಪು ತೋರಿಸುತ್ತದೆ, ಬುಷ್ ಬೇಗ ಹರಿಯುತ್ತದೆ. ಚಕ್ರದ ಮೇಲೆ ಭಾರ ಬಿದ್ದ ಮೇಲೆಯೇ ಕಂಪನಿ ಹೇಳಿದ ಟಾರ್ಕ್‌ಗೆ ಬಿಗಿಯಬೇಕು.

ಅಲೈನ್‌ಮೆಂಟ್ ಯಾವಾಗ, ಎಷ್ಟಕ್ಕೆ?

ಹಾಕಿದ ದಿನ ಒಮ್ಮೆ, ಸ್ಪ್ರಿಂಗ್ ಕೂತು 300–500 ಕಿ.ಮೀ. ಓಡಿದ ಮೇಲೆ ಇನ್ನೊಮ್ಮೆ. ರಸ್ತೆಗೆ ಮುಂದಿನ ಕ್ಯಾಂಬರ್ (ಚಕ್ರದ ಮೇಲ್ತುದಿ ಒಳಕ್ಕೋ ಹೊರಕ್ಕೋ ವಾಲಿರುವುದು; ಒಳಕ್ಕಿದ್ದರೆ ಮೈನಸ್) ಮೈನಸ್ 1ರಿಂದ 1.5 ಡಿಗ್ರಿ, ಎಡಬಲ ವ್ಯತ್ಯಾಸ ಅರ್ಧ ಡಿಗ್ರಿಯೊಳಗೆ, ಟೋ ಸೊನ್ನೆ ಅಥವಾ ಚೂರು ಒಳಕ್ಕೆ. ಟೈರಿನ ಒಳ ಅಂಚು ಸವೆಯುವುದಕ್ಕೆ ಎಲ್ಲರೂ ಕ್ಯಾಂಬರನ್ನು ದೂರುತ್ತಾರೆ. ತಿನ್ನುವುದು ಹೆಚ್ಚಾಗಿ ಟೋ. ಹಿಂದೆ ಟಾರ್ಶನ್ ಬೀಮ್ (ಎರಡೂ ಚಕ್ರಗಳನ್ನು ಜೋಡಿಸಿದ ಒಂದೇ ತೊಲೆ) ಇದ್ದರೆ ಅಲ್ಲಿ ಹೊಂದಿಸಲು ಏನೂ ಇಲ್ಲ, ಅಂಕಿ ನೋಡಿ ಬರಬಹುದು ಅಷ್ಟೇ. ಹೆಡ್‌ಲೈಟ್ ಎತ್ತರವನ್ನೂ ಅದೇ ದಿನ ಸರಿಮಾಡಿಸಿ. ಮುಂದಿನ ಗಾಜಿನ ಹಿಂದೆ ಕ್ಯಾಮೆರಾ ಇರುವ ಕಾರಿಗೆ ಅದರ ಕ್ಯಾಲಿಬ್ರೇಶನ್ ಬೇಕೇ ಎಂದು ಶೋರೂಮಿನಲ್ಲಿ ಕೇಳಿ.

ಡ್ಯಾಂಪಿಂಗ್ ಕ್ಲಿಕ್ಕುಗಳನ್ನು ಹೊಂದಿಸುವ ಕ್ರಮ ಹೇಗೆ?

ಶಾಕ್‌ನ ಹಿಡಿತ ಹೊಂದಿಸುವ ಗುಂಡಿಯನ್ನು ಗಟ್ಟಿಯ ಕಡೆ ಕೊನೆಯವರೆಗೆ ಮೆಲ್ಲಗೆ ತಿರುಗಿಸಿ. ಒತ್ತಿ ತಿರುಗಿಸಿದರೆ ಒಳಗಿನ ಸೂಜಿ ಕೆಡುತ್ತದೆ. ಅಲ್ಲಿಂದ ಹಿಂದಕ್ಕೆ ಎಣಿಸಿ ಎಡ ಬಲ ಒಂದೇ ಅಂಕಿಗೆ, ನಡುವಿಗೆ ನಿಲ್ಲಿಸಿ. ಒಂದೇ ರಸ್ತೆ, ಒಂದೇ ವೇಗ, ಒಂದೇ ಟೈರ್ ಒತ್ತಡ. ಒಮ್ಮೆಗೆ ಎರಡು ಕ್ಲಿಕ್, ಅದೂ ಮುಂದೆ ಅಥವಾ ಹಿಂದೆ, ಎರಡೂ ಒಟ್ಟಿಗೆ ಅಲ್ಲ.

ನೇತ್ರಾವತಿ ಸೇತುವೆಯ ಜಾಯಿಂಟ್‌ಗಳು ಇದಕ್ಕೆ ಒಳ್ಳೆಯ ಜಾಗ. ಜಾಯಿಂಟ್ ದಾಟಿದ ಮೇಲೆ ಮೂಗು ಮೇಲೆದ್ದು ತೇಲಿದರೆ ರಿಬೌಂಡ್ ಕಡಿಮೆ. ಒಂದರ ಹಿಂದೆ ಒಂದು ಜಾಯಿಂಟ್ ಬಂದಂತೆ ಕಾರು ಹೆಚ್ಚು ಹೆಚ್ಚು ಬಿರುಸಾಗುತ್ತಾ ಹೋದರೆ ರಿಬೌಂಡ್ ಅತಿಯಾಗಿದೆ. ಕುಗ್ಗಿದ ಸ್ಪ್ರಿಂಗ್ ಮರಳಿ ಬಿಚ್ಚಿಕೊಳ್ಳುವ ಮೊದಲೇ ಮುಂದಿನ ಏಟು ಬೀಳುತ್ತಿದೆ. ಮೊದಲ ಜಾಯಿಂಟ್‌ನಲ್ಲೇ ಚುರುಕ್ಕೆಂದು ಬೆನ್ನಿಗೆ ಹೊಡೆದರೆ ಕಂಪ್ರೆಶನ್ ಹೆಚ್ಚು, ಅಥವಾ ಬಂಪ್ ಸ್ಟಾಪ್‌ಗೆ ತಾಗುತ್ತಿದೆ. ಎರಡರಲ್ಲಿ ಯಾವುದು ಎಂದು ತಿಳಿಯಲು ಪಿಸ್ಟನ್ ರಾಡ್‌ಗೆ ಒಂದು ತೆಳ್ಳನೆಯ ಪ್ಲಾಸ್ಟಿಕ್ ಟೈ ಕಟ್ಟಿ ಕೆಳಕ್ಕೆ ಸರಿಸಿ ಬಿಡಿ. ಓಡಿಸಿ ಬಂದು ನೋಡಿದರೆ ಶಾಕ್ ಎಷ್ಟು ಒಳಗೆ ಹೋಗಿತ್ತೋ ಅಲ್ಲಿಗೆ ಟೈ ಸರಿದಿರುತ್ತದೆ. ರಾಡ್ ಕೆಳಮುಖವಾಗಿ ಕೊಳವೆಯೊಳಗೆ ಅಡಗಿರುವ ತಲೆಕೆಳಗಿನ ಸ್ಟ್ರಟ್‌ಗಳಲ್ಲಿ ಈ ಉಪಾಯ ನಡೆಯದು.

ಮಳೆಗಾಲಕ್ಕೆ ಬೇರೆ ಸೆಟ್ಟಿಂಗ್ ಬೇಕೇ?

ಬೇಕು. ಒದ್ದೆ ರಸ್ತೆಯಲ್ಲಿ ಹಿಡಿತ ಕಡಿಮೆ, ಭಾರ ಮೆಲ್ಲಗೆ ಒಂದು ಚಕ್ರದಿಂದ ಇನ್ನೊಂದಕ್ಕೆ ಹೋಗಬೇಕು. ಜೂನ್‌ಗೆ ಮುಂದೆ ಹಿಂದೆ ಎರಡು ಕಡೆಯೂ ಎರಡು ಮೂರು ಕ್ಲಿಕ್ ಮೃದು ಮಾಡಿ. ಹಿಂದಿನ ಚಕ್ರಕ್ಕೆ ಶಕ್ತಿ ಹೋಗುವ ಕಾರಿನಲ್ಲಿ ಹಿಂದೆ ಇನ್ನೊಂದು. ಆಗುಂಬೆಯ 14 ಹೇರ್‌ಪಿನ್ ತಿರುವುಗಳಲ್ಲಿ ಪಾಚಿ ಕಟ್ಟಿದ ಅಂಚಿಗೆ ಯಾವ ಶಾಕ್ ಕೂಡ ಉತ್ತರವಲ್ಲ, ಟೈರಿನ ಹಲ್ಲು ನೋಡಿಕೊಳ್ಳಿ.

ಕಂಪನಿಯ ಎಲೆಕ್ಟ್ರಾನಿಕ್ ಶಾಕ್ ಇರುವ ಕಾರಿಗೆ?

ಡಿಸಿಸಿ, ಇಡಿಸಿ, ಪಿಎಎಸ್‌ಎಂ ಎಂಬ ಹೆಸರಿನ ಎಲೆಕ್ಟ್ರಾನಿಕ್ ಶಾಕ್ ಇರುವ ಕಾರಿಗೆ ಮಾಮೂಲಿ ಶಾಕ್ ಹಾಕಿದರೆ ಡ್ಯಾಶ್‌ಬೋರ್ಡ್‌ನಲ್ಲಿ ಎಚ್ಚರಿಕೆ ದೀಪ ಉರಿಯುತ್ತದೆ. ಅದನ್ನು ಆರಿಸುವ ಕ್ಯಾನ್ಸಲೇಶನ್ ಕಿಟ್ ಜೊತೆಗೇ ತರಿಸಬೇಕು. ಬಿಲ್‌ಸ್ಟೀನ್ ಡ್ಯಾಂಪ್‌ಟ್ರಾನಿಕ್‌ನಂಥವು ಕಂಪನಿ ವೈರಿಂಗ್‌ಗೇ ಜೋಡುತ್ತವೆ, ಬೆಲೆ ಜಾಸ್ತಿ. ಈ ಕಾರುಗಳಲ್ಲಿ ಸಾಧಾರಣ ತಗ್ಗಿಸುವ ಸ್ಪ್ರಿಂಗ್ ಮಾತ್ರ ಹಾಕಿ ಕಂಪನಿ ಶಾಕ್ ಉಳಿಸಿಕೊಳ್ಳುವುದು ಸರಿಹೋಗುತ್ತದೆ, ಆ ಸ್ಪ್ರಿಂಗ್ ನಿಮ್ಮ ಕಾರಿನ ಅದೇ ಆವೃತ್ತಿಗೆ ಮಾಡಿದ್ದಾಗಿರಬೇಕು.

ಆರ್‌ಟಿಒ, ಇನ್ಶೂರೆನ್ಸ್?

ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ಪ್ರಕಾರ ನೋಂದಣಿ ಪತ್ರದಲ್ಲಿರುವ ವಿವರ ಕಂಪನಿಯ ಮೂಲ ವಿವರಕ್ಕಿಂತ ಬೇರೆಯಾಗುವಂತೆ ವಾಹನ ಬದಲಿಸುವಂತಿಲ್ಲ. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಕಲಂ ಪ್ರಕಾರ, ಅನುಮತಿಯಿಲ್ಲದ ಪ್ರತಿ ಬದಲಾವಣೆಗೆ ಮಾಲೀಕರಿಗೆ 5,000 ರೂ. ದಂಡ ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಆಗಬಹುದು. ಕಂಪನಿ ಎತ್ತರದಲ್ಲೇ ಶಾಕ್ ಬದಲಿಸುವುದು ಬೇರೆ, ಹೊಟ್ಟೆ ನೆಲಕ್ಕೆ ತಾಗುವಂತೆ ತಗ್ಗಿಸುವುದು ಬೇರೆ. ಕೆಲಸ ಶುರು ಮಾಡುವ ಮೊದಲು ನಿಮ್ಮ ಕಾರು ನೋಂದಣಿಯಾದ ಕಚೇರಿಯಲ್ಲಿ, ಅದು ಕೆಎ-19 ಇರಲಿ ಕೆಎ-20 ಇರಲಿ, ಕೇಳಿ. ಇನ್ಶೂರೆನ್ಸ್ ಕಂಪನಿಗೂ ಬರವಣಿಗೆಯಲ್ಲಿ ತಿಳಿಸಿ, ಉತ್ತರ ಇಟ್ಟುಕೊಳ್ಳಿ.

ಶಾಕ್ ಹೋಗಿದೆ ಎಂದು ತಿಳಿಯುವುದು ಹೇಗೆ?

ಶಾಕ್‌ನ ಮೈಮೇಲೆ ತೆಳ್ಳಗೆ ಎಣ್ಣೆಯ ತೇವ ಇದ್ದರೆ ಗಾಬರಿ ಬೇಡ. ಎಣ್ಣೆ ಇಳಿದು ಧೂಳು ಅಂಟಿ ಕಪ್ಪು ಪಟ್ಟೆಯಾಗಿದ್ದರೆ ಸೀಲ್ ಹೋಗಿದೆ. ಟೈರಿನ ಮೇಲೆ ಅಂಗೈ ಸವರಿದಾಗ ತಗ್ಗು ದಿಣ್ಣೆ ಸಿಕ್ಕರೆ ಚಕ್ರ ಕುಣಿಯುತ್ತಿದೆ ಎಂದರ್ಥ. ಬಾನೆಟ್ ಒತ್ತಿ ಬಿಡುವ ಪರೀಕ್ಷೆಯಿಂದ ಪೂರ್ತಿ ಸತ್ತ ಶಾಕ್ ಮಾತ್ರ ಸಿಕ್ಕಿಬೀಳುತ್ತದೆ, ಅರ್ಧ ಹೋದದ್ದು ತಪ್ಪಿಸಿಕೊಳ್ಳುತ್ತದೆ. ಬದಲಿಸುವುದು ಯಾವಾಗಲೂ ಜೋಡಿಯಾಗಿ.

ಬಿಚ್ಚಿದ ಕಂಪನಿ ಸ್ಪ್ರಿಂಗ್, ಶಾಕ್ ಗುಜರಿಗೆ ಹಾಕಬಹುದೇ?

ಬೇಡ. ಕಾರು ಮಾರುವಾಗ, ವಾರಂಟಿ ಕೆಲಸಕ್ಕೆ, ಆರ್‌ಟಿಒ ತಕರಾರು ಬಂದರೆ ಅವೇ ಬೇಕು. ತೊಳೆದು ಒಣಗಿಸಿ, ಮುಂದೆ-ಎಡ, ಮುಂದೆ-ಬಲ ಎಂದು ಪೇಂಟ್ ಪೆನ್ನಿನಿಂದ ಬರೆದು, ಸ್ಪ್ರಿಂಗ್‌ಗೆ ಎಣ್ಣೆ ಸವರಿ ನೆಲದಿಂದ ಮೇಲೆ ಇಡಿ. ಟ್ವಿನ್‌ಟ್ಯೂಬ್ ಶಾಕನ್ನು ರಾಡ್ ಮೇಲೆ ಮಾಡಿ ನಿಲ್ಲಿಸಿಡಬೇಕು. ಮಲಗಿಸಿಟ್ಟಿದ್ದರೆ ಮತ್ತೆ ಹಾಕುವ ಮೊದಲು ನೇರ ನಿಲ್ಲಿಸಿ ನಾಲ್ಕೈದು ಸಲ ಪೂರ್ತಿ ಎಳೆದು ಒತ್ತಿ, ಒಳಗೆ ಸೇರಿದ ಗಾಳಿ ಮೇಲೆ ಹೋಗುತ್ತದೆ.